ಬಿಸಿಲಿಗಿಟ್ಟ ಪದ

ಹಸಿ ದನಿಯಿಂದ ಹರಡುವ ಜ್ವರ ಬಂದ ಮೇಲೆ ಊರವರೆಲ್ಲ ಮಾತನ್ನು ಗಡಿಗೆಯಲ್ಲಿ ತುಂಬಿ, ಬಟ್ಟೆ ಬಿಗಿದು, ಬಿಸಿಲಿಗಿಟ್ಟೇ ಕಳಿಸುತ್ತಿದ್ದರು.

ಗೀಗೀ ಪದ ಹಾಡುವ ಬಾಳವ್ವನೂ ತನ್ನ ಪದವನ್ನು ಹಿಮ್ಮೇಳದ ನಿಂಬೆವ್ವನಿಗೆ ಹಾಗೇ ಕಳಿಸುತ್ತಿದ್ದಳು. ಜ್ವರಕ್ಕೆ ದನಿ ಕಳೆದುಕೊಂಡ ನಿಂಬೆವ್ವನಿಂದ ಗಡಿಗೆ ಹಗುರಾಗಿಯೇ ಹಿಂದಿರುಗುತ್ತಿತ್ತು. ಹಿಮ್ಮೇಳವಿಲ್ಲದ ಗೀಗೀ ಎಂಥ ಗೀಗೀ? ಇನ್ನು ಹಾಡುವುದೇ ಬೇಡವೆಂದುಕೊಂಡಿದ್ದಳು ಬಾಳವ್ವ.

ಇವತ್ತು ಗಡಿಗೆ ಭಾರವಾಗಿತ್ತು. ಬಟ್ಟೆ ಬಿಚ್ಚಿದಳು.

"ಗೀಯ ಗೀಯ ಗಾಗೀಯ ಗೀಯ!"

ಗಂಡು ದನಿ. ಸವಾಲಿನ ಹಾಡಿನಲ್ಲಿ ಅವಳನ್ನು ಸೋಲಿಸಲೆಂದೇ ಹುಟ್ಟಿದಂತಿದ್ದ ಎದುರು ಮೇಳದ ಫಕೀರಪ್ಪನದು!

"ನಿಂಬೆವ್ವ ನಿನ್ನ ಗಡಿಗಿ ನಮ್ಮ ಕಟ್ಟಿಮ್ಯಾಲಿಟ್ಟು ಕೈ ಮುಗುದ್ಲು," ಎಂದಿತು ದನಿ. "ಇವತ್ತ ಹಿಮ್ಮೇಳ ಹಾಡೇನಿ. ನಾಳಿಗಿ ಸವಾಲ್ ಒಗೀತೀನಿ, ತಯಾರಿರು!"

"ಬಾ, ನೋಡೇ ಬಿಡೂಣು!" ಎನ್ನುತ್ತ ಬಾಳವ್ವ ಇನ್ನೂ ದೊಡ್ಡ ಗಡಿಗೆ ಹುಡುಕತೊಡಗಿದಳು.