ಹಾಲಿನ ಪಾತ್ರೆಯಲ್ಲಿ ಅಂಟು

ಗ್ರೇಟರ್ ನೋಯ್ಡಾದ ನನ್ನ ಫ್ಲ್ಯಾಟಿನಲ್ಲಿ ಇವತ್ತು ಅಂಟು ಕಾಯಿಸುತ್ತಿದ್ದೇನೆ. ನೆನೆದ ಚರ್ಮದ ಚಪ್ಪಲಿಯಂಥ ಅದೇ ವಾಸನೆ.

ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ, ನನ್ನ ಬಾಲ್ಯದ ಆ ಮಧ್ಯಾಹ್ನ, ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಹಾಲಿನ ಪಾತ್ರೆಯಲ್ಲಿ ಜೇನುಬಣ್ಣದ್ದೇನೋ ಬಿಸಿಯಾಗುತ್ತಿತ್ತು.

"ಏನ್ರೀ ಇದು?"

"ಅಂಟು ಕಣೇ," ಎಂದರು ಅಪ್ಪ.

ಚಾಣಕ್ಯಪುರಿಯ ಅಮೆರಿಕನ್ ಸಾಹೇಬರೊಬ್ಬರು ದೇಶಕ್ಕೆ ಮರಳುವಾಗ ಮಾರಿದ ಹಳೆಯ ಡಬಲ್ ಬೇಸ್ ನಮ್ಮ ನಡುಮನೆಯಲ್ಲಿ ಮಲಗಿತ್ತು. ಅಪ್ಪನಿಗಿಂತ ಎತ್ತರದ ಪಿಟೀಲು ಅದು. ಅಂಚಿನಲ್ಲಿ ಪ್ಲೈವುಡ್ಡಿನ ಪದರಗಳು ಬಾಯಿಬಿಟ್ಟಿದ್ದವು.

"ಯಾತರ ಅಂಟು?"

"ಮರದ್ದು."

"ಮರ ಹೀಗೆ ನಾರುತ್ತಾ?" ಅಮ್ಮ ನನ್ನತ್ತ ತಿರುಗಿದಳು. "ನೀನೂ ಹೋಗಿದ್ದೆಯಲ್ಲ, ಅಂಗಡಿ ಭಯ್ಯಾ ಏನಂದ?"

"ಪತಾ ನಹೀ, ಅಮ್ಮಾ."

"ಫೆವಿಕಾಲ್ ಸಿಗಲಿಲ್ವಾ ನಿಮಗೆ?"

"ಅದನ್ನ ಹಾಕಿದ್ರೆ ಮುಂದೆ ಬಿಚ್ಚೋಕಾಗಲ್ಲ. ಇದಾದ್ರೆ ಬಿಸಿ ತಾಗಿಸಿದ್ರೆ ಬಿಡುತ್ತೆ."

ಅಮ್ಮ ಪಾತ್ರೆಯನ್ನೂ ಅಪ್ಪನ ಮುಖವನ್ನೂ ನೋಡಿದಳು. ಅಪ್ಪ ಪಾತ್ರೆ ಎತ್ತಿಕೊಂಡು ನಡುಮನೆಗೆ ಹೊರಟೇಬಿಟ್ಟರು. ತೆಳ್ಳನೆಯ ಚಾಕುವಿನಿಂದ ಪದರಗಳ ನಡುವೆ ಅಂಟು ತುಂಬಿ, ರೈಲು ಪ್ರಯಾಣಕ್ಕೆ ಹಾಸಿಗೆ ಸುತ್ತುವ ಹೋಲ್ಡಾಲಿನ ಬೆಲ್ಟನ್ನು ಬೇಸಿನ ಸೊಂಟಕ್ಕೆ ಸುತ್ತಿದರು. ಒಬ್ಬರೇ ಬಿಗಿಯಲು ಹೋದರೆ ವಾದ್ಯ ಹೊರಳುತ್ತಿತ್ತು. ನನ್ನ ಕೈಯಲ್ಲಿ ಅಷ್ಟು ಬಲವಿರಲಿಲ್ಲ. ಅಂಟು ಆರತೊಡಗಿತ್ತು.

"ಬಾರೇ, ಬೇಗ!"

ಅಮ್ಮ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಬಂದು, ಬೇಸಿನ ಬದಿಗೆ ಮಂಡಿ ಒತ್ತಿ, ಎರಡೂ ಕೈಯಲ್ಲಿ ಬೆಲ್ಟು ಎಳೆದಳು. ಸೀಳಿನಿಂದ ಉಕ್ಕಿದ ಅಂಟು ಅವಳ ಬಳೆಗೆ ಮೆತ್ತಿತು.

"ಯಾವ ಪ್ರಾಣೀದು ಅಂತ ಮಾತ್ರ ಹೇಳ್ಬೇಡಿ," ಎಂದಳು.