ಜಿಂಕೆಗೂ ಹಕ್ಕಿಗೂ

"ಒಂದೇ ಬಂದೂಕು ಸಾಕು ಸಾಬ್ರೇ. ಜಿಂಕೆಗೂ ಆಗ್ಬೇಕು, ಹಕ್ಕಿಗೂ ಆಗ್ಬೇಕು," ಎಂದ ಚಿಕ್ಕಹನುಮಯ್ಯ.

ಹೇಳಿದ್ದು ಸುಳ್ಳು. ಅವನಿಗೆ ಜಿಂಕೆಯೂ ಬೇಕಿರಲಿಲ್ಲ, ಹಕ್ಕಿಯೂ ಬೇಕಿರಲಿಲ್ಲ. ಬೇಕಿದ್ದದ್ದು ಅಶ್ವತ್ಥಪ್ಪನ ಪ್ರಾಣ.

ಯಶವಂತಪುರದ ಆ ಅಂಗಡಿಯಲ್ಲಿ ಬಂದೂಕು ಮಾರುತ್ತಿದ್ದವನು ಗುಲಾಮ್ ರಸೂಲ್. ಗಿರಾಕಿಯ ಮುಖಕ್ಕಿಂತ ಮೊದಲು ಲೈಸೆನ್ಸು ನೋಡುವ ಮನುಷ್ಯ. ಕೆಂಪಾಪುರದ ರಾಗಿ ಹೊಲ ಕಾಯಲು ಎಂದು ಮೈಸೂರು ಸರ್ಕಾರದ ಮೊಹರು ಬಿದ್ದ ಲೈಸೆನ್ಸು ಸರಿಯಾಗಿಯೇ ಇತ್ತು. ಅದಕ್ಕಾಗಿ ಚಿಕ್ಕಹನುಮಯ್ಯ ಕಚೇರಿಗಳಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದ. ಅಶ್ವತ್ಥಪ್ಪ ಜೈಲಿನಿಂದ ಬರುವುದರೊಳಗೆ ಅದು ಕೈಗೆ ಸಿಗಬೇಕೆಂಬುದೊಂದೇ ಅವನ ಹಟ. ಸಿಕ್ಕಿತು. ಹೋದ ವಾರ ಅಶ್ವತ್ಥಪ್ಪನೂ ಊರಿಗೆ ಬಂದ.

ರಸೂಲ್ ಮೊದಲು ಒಂಟಿನಳಿಗೆಯದನ್ನು ತೋರಿಸಿದ. ಹಗುರ, ಅಗ್ಗ. ಆದರೆ ಹಕ್ಕಿಗೆಂದು ಸಣ್ಣ ಚರೆ ತುಂಬಿಕೊಂಡಿರುವಾಗ ಎದುರಿಗೆ ಜಿಂಕೆ ಬಂದರೆ ಬಾಯಿ ಬಿಟ್ಟುಕೊಂಡು ನೋಡಬೇಕಾಗುತ್ತದೆ ಎಂದು ತಾನೇ ಅದನ್ನು ಪಕ್ಕಕ್ಕಿಟ್ಟ. ಆಮೇಲೆ ಜೋಡುನಳಿಗೆ ತೆಗೆದ. ಎರಡೂ ಬೇಟೆಗೆ ಇದೇ ಸರಿ ಎಂದು ವಿವರಿಸತೊಡಗಿದ. ಬಲಗಡೆ ನಳಿಗೆಗೆ ಸಣ್ಣ ಚರೆಯ ತೋಟಾ, ಎಡಗಡೆಗೆ ದಪ್ಪ ಗುಂಡಿನದು. ಟ್ರಿಗರ್ ಎರಡು, ಒಂದರ ಹಿಂದೆ ಒಂದು. ಹಕ್ಕಿ ಎದ್ದರೆ ಮುಂದಿನದನ್ನು ಎಳೆಯಬೇಕು, ಬಲಗಡೆಯ ಚರೆ ಹಾರುತ್ತದೆ. ಜಿಂಕೆ ಬಂದರೆ ಹಿಂದಿನದು, ಎಡಗಡೆಯ ಗುಂಡು.

ಚಿಕ್ಕಹನುಮಯ್ಯ ಗೊತ್ತು ಎಂದು ತಲೆಯಾಡಿಸಿದ. ಈ ಪಾಠವನ್ನು ಅವನು ಮೊದಲೇ ಒಮ್ಮೆ ಕೇಳಿದ್ದ. ಹೇಳಿಕೊಟ್ಟವನು ಅಶ್ವತ್ಥಪ್ಪನೇ.

ಅಶ್ವತ್ಥಪ್ಪ ಪಕ್ಕದ ಮನೆಯವನು. ಚಿಕ್ಕಹನುಮಯ್ಯನಿಗೂ ಅವನ ತಮ್ಮ ಮುನಿಕೃಷ್ಣಪ್ಪನಿಗೂ ಹೆಬ್ಬಾಳದ ಕೆರೆಯಲ್ಲಿ ಈಜು ಕಲಿಸಿದವನು. ಅವರಿಗೆ ಅಪ್ಪನಿರಲಿಲ್ಲ, ಇವನಿಗೆ ಮಕ್ಕಳಿರಲಿಲ್ಲ. ಎರಡು ವರ್ಷದ ಹಿಂದೆ ಚಿಕ್ಕಜಾಲದಾಚೆಯ ಕುರುಚಲು ಕಾಡಿಗೆ ಇಬ್ಬರನ್ನೂ ಶಿಕಾರಿಗೆ ಕರೆದುಕೊಂಡು ಹೋದ. ಚಿಕ್ಕಹನುಮಯ್ಯ ಬಂದೂಕು ಹಿಡಿದದ್ದು ಅದೇ ಮೊದಲು. ಯಾರೋ ಬಿಳಿ ದೊರೆ ದೇಶ ಬಿಡುವಾಗ ಮಾರಿಹೋದ ಬಂದೂಕೊಂದು ಅಶ್ವತ್ಥಪ್ಪನ ಬಳಿ ಅವನ ಮಾಮೂಲಿ ಬಂದೂಕಿನ ಜೊತೆಗೆ ಇತ್ತು. ಅವನು ಅದನ್ನು ಬಳಸಿದ್ದೇ ಕಡಿಮೆ. "ನೀನು ಎಡಚ ಕಣೋ, ನಿಂಗೆ ಇದೇ ಸರಿ," ಎಂದು ಅದನ್ನು ಇವನ ಕೈಗಿಟ್ಟ. ತೋಟಾ ತುಂಬಿಕೊಟ್ಟವನೂ ಅವನೇ. ಎಲ್ಲರೂ ತುಂಬುವ ಹಾಗೆ ಬಲಗಡೆಗೆ ಚರೆ, ಎಡಗಡೆಗೆ ಗುಂಡು.

ಮುನಿಕೃಷ್ಣಪ್ಪ ಪೊದೆ ಬಡಿಯಲು ಆಚೆ ಬದಿಗೆ ಹೋದ. ಗೌಜಲಹಕ್ಕಿಗಳು ಭರ್ರನೆ ಎದ್ದವು. ಚಿಕ್ಕಹನುಮಯ್ಯ ಕಲಿತ ಪಾಠದಂತೆ ಮುಂದಿನ ಟ್ರಿಗರ್ ಎಳೆದ. ಅದೇ ಹೊತ್ತಿಗೆ ಜಿಂಕೆಯೊಂದು ನುಗ್ಗಿತು, ಅಶ್ವತ್ಥಪ್ಪನ ಬಂದೂಕೂ ಗುಡುಗಿತು. ಹೊಗೆ ಸರಿದಾಗ ಹಕ್ಕಿಯೂ ಬಿದ್ದಿರಲಿಲ್ಲ, ಜಿಂಕೆಯೂ ಬಿದ್ದಿರಲಿಲ್ಲ. ಮುನಿಕೃಷ್ಣಪ್ಪ ಬಿದ್ದಿದ್ದ.

ಅದಾದ ಮೇಲಿನ ಗಳಿಗೆಯನ್ನು ಚಿಕ್ಕಹನುಮಯ್ಯ ಸಾಯುವವರೆಗೂ ಮರೆಯುವವನಲ್ಲ. ಅಶ್ವತ್ಥಪ್ಪ ಹುಡುಗನ ಹತ್ತಿರ ಓಡಲಿಲ್ಲ. ಮೊದಲು ಇವನ ಕೈಯಿಂದ ಬಂದೂಕು ಕಿತ್ತುಕೊಂಡ, ಬಿಚ್ಚಿ ಒಳಗೆ ನೋಡಿದ, ತೋಟಾಗಳನ್ನು ತೆಗೆದು ದೂರ ಎಸೆದ. ಆಮೇಲೆ ಹೋದ. ಪ್ರಾಣ ಹೋಗುತ್ತಿರುವ ಹುಡುಗನಿಗಿಂತ ಆ ಮನುಷ್ಯನಿಗೆ ತನ್ನ ಬಂದೂಕೇ ಹೆಚ್ಚಾಗಿತ್ತು.

ಡಾಕ್ಟರು ಎದೆಯಿಂದ ತೆಗೆದದ್ದು ಚರೆಯಲ್ಲ, ದಪ್ಪ ಗುಂಡು. ಪೊಲೀಸರು ಕೇಳುವ ಮೊದಲೇ ಅಶ್ವತ್ಥಪ್ಪ ತನ್ನದೇ ಗುಂಡು ಎಂದು ಒಪ್ಪಿಕೊಂಡ. ವಕೀಲರನ್ನೂ ಇಟ್ಟುಕೊಳ್ಳಲಿಲ್ಲ. ಕೋರ್ಟಿನಿಂದ ಕರೆದುಕೊಂಡು ಹೋಗುವಾಗ ಒಂದು ಸಲ ಇವನ ಕಡೆ ತಿರುಗಿ ನೋಡಿದ. ಚಿಕ್ಕಹನುಮಯ್ಯ ಅವನ ಮುಖಕ್ಕೆ ಉಗಿದ. ತಾಯಿ ದೊಡ್ಡಮುನಿಯಮ್ಮ ಇವತ್ತಿಗೂ ಮುದ್ದೆಗೆ ಮೂರು ಜನಕ್ಕಾಗುವಷ್ಟು ಹಿಟ್ಟು ಹಾಕುತ್ತಾಳೆ. ಆಮೇಲೆ ನೆನಪಾಗಿ ಒಲೆಯ ಮುಂದೆಯೇ ಕೂತು ಅಳುತ್ತಾಳೆ. ಅದನ್ನು ನೋಡಿ ನೋಡಿ ಅವನ ಹೊಟ್ಟೆಯಲ್ಲಿ ದುಃಖ ದ್ವೇಷವಾಗಿ ಕೂತಿತ್ತು.

ರಸೂಲ್ ಬಂದೂಕು ಮುಂದೆ ಚಾಚಿ, ಭುಜಕ್ಕಿಟ್ಟು ನೋಡಿ ಎಂದ. ಚಿಕ್ಕಹನುಮಯ್ಯ ಎಡಭುಜಕ್ಕೆ ಇಟ್ಟು ಬಾಗಿಲ ಕಡೆ ಗುರಿ ಹಿಡಿದ. ಅಲ್ಲಿ ಯಾರೂ ಇರಲಿಲ್ಲ. ಅವನಿಗೆ ಮಾತ್ರ ಜಗಲಿಯ ಮೇಲೆ ಕೂತ ಅಶ್ವತ್ಥಪ್ಪ ಕಾಣುತ್ತಿದ್ದ.

"ಅರೆ, ನೀವು ಎಡಚರಾ? ಮೊದ್ಲೇ ಹೇಳ್ಬಾರ್ದಾ ಸ್ವಾಮಿ? ನಿಮ್ಗೇ ಅಂತ ಒಂದಿದೆ," ಎಂದು ರಸೂಲ್ ಒಳಗೆ ಹೋದ. ಹಳೆಯ ಜಮಖಾನದಲ್ಲಿ ಸುತ್ತಿದ್ದ ಬಂದೂಕನ್ನು ತಂದು ಬಿಚ್ಚಿದ.

ಮರದ ಹಿಡಿಯಲ್ಲೊಂದು ಸೀಳು, ಸೀಳಿಗೆ ಸುತ್ತಿದ ಹಿತ್ತಾಳೆ ತಂತಿ. ಆ ತಂತಿಯ ಗುರುತು ಚಿಕ್ಕಹನುಮಯ್ಯನ ಕೆನ್ನೆಗೆ ಗೊತ್ತಿತ್ತು. ಯಾರದೆಂದು ಗೊತ್ತಿದ್ದೂ ಯಾರದೆಂದು ಕೇಳಿದ.

"ಹೋದ್ ವಾರ ಒಬ್ರು ಯಜಮಾನ್ರು ಠಾಣೆಯಿಂದ ಬಿಡಿಸ್ಕೊಂಡ್ ಬಂದು ಕೊಟ್ರು. ರೇಟೂ ಕೇಳ್ಲಿಲ್ಲ. ಎಡಚರಿಗೆ ಮಾತ್ರ ಮಾರಿ, ಮಾರೋ ಮುಂಚೆ ಟ್ರಿಗರ್ ವಿಷ್ಯ ಹೇಳಿ ಅಂತ ಕೈ ಮುಗಿದ್ರು. ನಾನು ಒಂದ್ಸಲ ಹೇಳೋದು ಮರ್ತ್‌ಬಿಟ್ಟೆ ಅಂತ ಅತ್ರು ಪಾಪ."

"ಏನ್ ವಿಷ್ಯ?"

ರಸೂಲ್ ಬೆರಳಿಟ್ಟು ತೋರಿಸಿದ. "ಇದು ಎಡಗೈ ದೊರೆಯೊಬ್ರು ಹೇಳಿ ಮಾಡಿಸ್ಕೊಂಡಿದ್ದು ಸ್ವಾಮಿ, ಎಲ್ಲಾ ಉಲ್ಟಾ. ಇದ್ರಲ್ಲಿ ಮುಂದಿನ ಟ್ರಿಗರ್ ಎಳೆದ್ರೆ ಹಾರೋದು ಎಡಗಡೆ ನಳಿಗೆ."