ಹನ್ನೆರಡು ಟನ್ನಿನ ದೋಣಿ

ಸೂಜಿ ಬೆರಳಿಗೆ ಚುಚ್ಚಿತು. ದರ್ಜಿಯಮ್ಮ ಬೆರಳನ್ನು ಬಾಯಿಗಿಟ್ಟುಕೊಂಡು ಗಂಡನ ಕಡೆ ನೋಡಿದಳು. "ಈ ದೋಣಿ ಬೇಡ ರೀ."

ಕರಾರು ಅವಳದೇ. ಕಡಲು ದಾಟಲು ಗಂಡ ಯಾವ ಹಾಯಿದೋಣಿಯನ್ನಾದರೂ ನೋಡಲಿ. ಅದರೊಳಗೆ ಕೂತು ಸೂಜಿಗೆ ದಾರ ಪೋಣಿಸಲು ಆದರೆ ತಾನೂ ಬರುವಳು, ಆಗದಿದ್ದರೆ ಅವನೊಬ್ಬನೇ ಹೋಗಲಿ. ಒಬ್ಬನೇ ಹೋಗುವುದು ಗಂಡನಿಗೆ ಸುತರಾಂ ಬೇಡ. ಆದರೂ ಎಕ್ಸ್‌ಪ್ರೆಸ್ ಬಸ್ ಓಡಿಸಿ ನಿವೃತ್ತನಾದ ಜೀವ. ಕಣ್ಣೆಲ್ಲ ಈ ಹಗುರ ದೋಣಿಯ ಮೇಲೆಯೇ.

"ಗಾಳಿ ಸಿಕ್ಕಿದ್ರೆ ಕುದುರೆ ಥರ ಓಡುತ್ತೆ ಕಣೇ."

"ಓಡ್ಲಿ. ಕುದುರೆ ಮೇಲೆ ಕೂತು ಗುಂಡಿ ಹೊಲಿಯೋಕಾಗುತ್ತಾ?"

ದೋಣಿ ಮಾರುವವನು ನಕ್ಕು, ಕಟ್ಟೆಯ ತುದಿಯಲ್ಲಿ ಕಟ್ಟಿದ್ದ ಇನ್ನೊಂದನ್ನು ತೋರಿಸಿದ. ಅಗಲ ಹೊಟ್ಟೆಯ, ನೀರಿನಲ್ಲಿ ಆಳಕ್ಕೆ ಕೂತ ಹಳೆಯ ದೋಣಿ. "ಹನ್ನೆರಡು ಟನ್ ಭಾರ ಅಮ್ಮಾ. ಅಲ್ಲಾಡದಿರ್ಲಿ ಅಂತ ತಳದಲ್ಲೇ ಐದು ಟನ್ ಸೀಸ ಇದೆ."

ಹಗುರ ದೋಣಿ ಕಾಲಿಟ್ಟೊಡನೆ ವಾಲಿತ್ತು. ಇದು ಅವಳು ಹತ್ತಿದ್ದನ್ನು ಗಮನಿಸಲೇ ಇಲ್ಲ. ಒಳಗಿನ ಮೇಜಿನ ಮುಂದೆ ಕೂತು ಕನ್ನಡಕ ಸರಿಮಾಡಿಕೊಂಡಳು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಹೊಸೆದಳು. ಅಷ್ಟರಲ್ಲಿ ಪ್ರಯಾಣಿಕರ ದೊಡ್ಡ ಬೋಟೊಂದು ಹಾದುಹೋಯಿತು. ಅದರ ಅಲೆಗೆ ಸಾಲಿನ ದೋಣಿಗಳೆಲ್ಲ ಕುಣಿದವು. ಇದು ಮಾತ್ರ ಮೆಲ್ಲಗೆ ಎದ್ದು, ಮೆಲ್ಲಗೆ ಕೂತಿತು, ಮಗುವನ್ನು ಎದೆಗೊತ್ತಿಕೊಂಡ ತಾಯಿ ನಿದ್ದೆಯಲ್ಲೇ ಮಗ್ಗುಲು ಬದಲಿಸಿದ ಹಾಗೆ. ಗಂಡ ಬಗ್ಗಿ ಸೂಜಿಯನ್ನೇ ನೋಡುತ್ತಿದ್ದ.

ದಾರ ಸೂಜಿಯ ಕಣ್ಣು ದಾಟಿತು.

ಗಂಡನ ಮುಖ ಅರಳಿತು. ಆದರೆ ಮುಚ್ಚಿಟ್ಟು ಗೊತ್ತಿಲ್ಲದ ಮನುಷ್ಯ, ತಲೆ ಕೆರೆದುಕೊಂಡ. "ಒಂದು ವಿಷ್ಯ ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ಬೈಬೇಡ. ಇದು ಭಾರಿ ನಿಧಾನ. ಆ ದೋಣೀಲಿ ಹೋದ್ರೆ ಒಂದು ತಿಂಗಳಿಗೆ ಆಚೆ ದಡ. ಇದ್ರಲ್ಲಿ ನಲವತ್ತೈದು ದಿನ. ಅಷ್ಟೂ ದಿನ ಸುತ್ತ ಬರೀ ನೀರು."

"ನಲವತ್ತೈದು ದಿನ ಯಾರೂ ಬಾಗಿಲು ಬಡಿಯಲ್ವಾ?"

"ಯಾರು ಬಡೀತಾರೆ? ಮೀನು ಬಂದು ಬಡಿಯುತ್ತಾ?"

'ನಾಳೆ ಬೆಳಿಗ್ಗೇನೇ ಬೇಕು' ಎಂದು ಬಟ್ಟೆ ತಂದವರಿಗೆಲ್ಲ ಮೂವತ್ತು ವರ್ಷ ಹೊಲಿದುಕೊಟ್ಟವಳು ದೋಣಿ ಮಾರುವವನ ಕಡೆ ತಿರುಗಿದಳು.

"ಅಲ್ಲಪ್ಪಾ, ಇದಕ್ಕಿಂತ ನಿಧಾನದ್ದು ಯಾವುದಾದ್ರೂ ಇದ್ಯಾ?"